ಸೋಮವಾರ ಹೊಸ ತರಗತಿ: ಮೊದಲ 45 ನಿಮಿಷ ಏನು ಮಾಡಲಿ?

ಹೊಸ ಟೀಚರ್

ನಾನು ಗಣಿತ ಪಾಠ ಮಾಡುತ್ತೇನೆ. ಇದು ಎರಡನೇ ವರ್ಷ. ಸೋಮವಾರ ಹನ್ನೊಂದನೇ ತರಗತಿಯ ಹೊಸ ಬ್ಯಾಚ್ ಶುರು. 42 ಮಕ್ಕಳು, 45 ನಿಮಿಷ.

ಹೋದ ವರ್ಷದ ಮೊದಲ ದಿನ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ರಾತ್ರಿ ಕೂತು 14 ನಿಯಮ ಬರೆದುಕೊಂಡು ಹೋಗಿದ್ದೆ. ಬೋರ್ಡಿನ ತುಂಬಾ ಬರೆದು, ಒಂದೊಂದನ್ನೇ ಓದಿ ವಿವರಿಸಿದೆ. ಹನ್ನೊಂದನೇ ನಿಯಮದ ಹೊತ್ತಿಗೆ ಮೂರನೇ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ನನಗೋ ಖುಷಿ, ಒಬ್ಬನಾದರೂ ಕೇಳಿಸಿಕೊಳ್ಳುತ್ತಿದ್ದಾನಲ್ಲ ಅಂತ. "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಅಂದ. ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು.

ಎರಡು ವಾರಕ್ಕೆ ಆ ನಿಯಮ ಯಾವುದೂ ಯಾರಿಗೂ ನೆನಪಿರಲಿಲ್ಲ. ನನಗೂ ಇರಲಿಲ್ಲ ಅನ್ನಿ. ಹೋಂವರ್ಕ್ ಒಂದು ದಿನ ತಡವಾದರೆ ಒಂದು ಅಂಕ ಕಟ್ ಅಂದಿದ್ದೆ. ವರ್ಷವಿಡೀ ಒಬ್ಬರಿಗೂ ಕಟ್ ಮಾಡಲಿಲ್ಲ.

ಹಿರಿಯರೊಬ್ಬರನ್ನು ಕೇಳಿದರೆ, "ಮೊದಲ ತಿಂಗಳು ಹಲ್ಲು ಕಾಣಿಸಬೇಡ, ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ" ಅಂದರು. ನನ್ನ ಮುಖಕ್ಕೆ ಅದು ಒಗ್ಗಲ್ಲ. ಹಾಗಂತ ಆಟ ಆಡಿಸಿ, ಹೆಸರು ಹೇಳಿಸಿ ಕಳಿಸೋಕೂ ಮನಸ್ಸಿಲ್ಲ. ಶಿಸ್ತೂ ಇರಬೇಕು, ಮಕ್ಕಳು ಬಾಯೂ ಬಿಡಬೇಕು. ಹೇಗೆ?

ಹಿಂದಿನ ಬೆಂಚು

ನಿಯಮ ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಿ ಹೇಳಬೇಡಿ. ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟುಬಿಡಿ. ಮನೆಗೆ ಹೋಗಿ ಓದಲಿ. ಐದು ನಿಮಿಷದಲ್ಲಿ ಮುಗಿಯಿತು, ಉಳಿದ ನಲವತ್ತು ನಿಮಿಷ ಪಾಠ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಸೀಮೆಸುಣ್ಣ

ಹಾಳೆ ಕೊಟ್ಟು ನೋಡಿದ್ದೇನೆ ಸ್ವಾಮಿ. ಸಂಜೆ ಬೆಂಚಿನ ಕೆಳಗೆ ಒಂಬತ್ತು ಹಾಳೆ ಸಿಕ್ಕಿದವು. ಒಂದು ರಾಕೆಟ್ ಆಗಿತ್ತು.

ಟೀಚರಮ್ಮ, ನಾನು ಇಪ್ಪತ್ತಮೂರು ಸಲ ಮೊದಲ ದಿನದ ಪಾಠ ಮಾಡಿದವನು. ನನ್ನ ಅನುಭವ ಇಷ್ಟು: ನಿಮ್ಮ ಬಾಯಿಂದ ಏನು ಬಂತು ಅಂತ ಆ ದಿನ ಮಕ್ಕಳು ನೋಡಲ್ಲ. ಈ ಕ್ಲಾಸಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ನೋಡುತ್ತಾರೆ. ನೀವು 40 ನಿಮಿಷ ಮಾತಾಡಿದರೆ ಅವರು ಕಲಿಯೋದು ಒಂದೇ. ಇಲ್ಲಿ ಮೇಡಂ ಮಾತಾಡ್ತಾರೆ, ನಾವು ಕೂರ್ತೀವಿ. ಆಮೇಲೆ "ಯಾಕೆ ಯಾರೂ ಬಾಯಿ ಬಿಡಲ್ಲ" ಅಂದರೆ ಎಲ್ಲಿಂದ ಬಿಡುತ್ತಾರೆ? ಬಾಯಿ ಮುಚ್ಚಿಸಿದ್ದು ನಾವೇ ಅಲ್ವಾ?

ಹಾಗಾಗಿ ಒಳಗೆ ಹೋದ ಕೂಡಲೇ ಲೆಕ್ಕ ಕೊಡಿ. ನಿಮ್ಮದು ಗಣಿತ, ನಿಮಗೇನು ಕಷ್ಟ! "ನಾವು 42 ಜನ ಇದ್ದೀವಿ. ಪ್ರತಿಯೊಬ್ಬರೂ ಉಳಿದ ಎಲ್ಲರ ಕೈ ಒಂದೊಂದು ಸಲ ಕುಲುಕಿದರೆ ಒಟ್ಟು ಎಷ್ಟು ಸಲ?" ಇಷ್ಟೇ ಬರೆಯಿರಿ. ಎರಡು ನಿಮಿಷ ಒಬ್ಬೊಬ್ಬರೇ ಯೋಚಿಸಲಿ. ಇನ್ನೆರಡು ನಿಮಿಷ ಪಕ್ಕದವರ ಜೊತೆ ಮಾತಾಡಲಿ. ಆಮೇಲೆ ಎಲ್ಲರ ಮುಂದೆ. ಒಬ್ಬರೇ ಯೋಚಿಸಿ, ಜೋಡಿಯಾಗಿ ಮಾತಾಡಿ, ಆಮೇಲೆ ಹಂಚಿಕೊಳ್ಳುವ ಈ ಪದ್ಧತಿಗೆ 1981ರಲ್ಲಿ ಅಮೆರಿಕದ ಫ್ರಾಂಕ್ ಲೈಮನ್ ಒಂದು ರೂಪ ಕೊಟ್ಟರು. ಪಕ್ಕದವರ ಹತ್ತಿರ ಒಮ್ಮೆ ಹೇಳಿ ನೋಡಿದ ಉತ್ತರವನ್ನು 42 ಜನರ ಮುಂದೆ ಹೇಳಲು ಅಷ್ಟು ಭಯ ಆಗಲ್ಲ.

42 ಗುಣಿಸು 42, ಅಂದರೆ 1764 ಅನ್ನುವವನು ಒಬ್ಬ ಸಿಕ್ಕೇ ಸಿಗುತ್ತಾನೆ. ಅವನೇ ನಿಮ್ಮ ಬಂಗಾರ. ತಪ್ಪು ಅಂತ ಕೂರಿಸಬೇಡಿ. "ನಿನ್ನ ಕೈಯನ್ನು ನೀನೇ ಕುಲುಕಿಕೊಂಡೆಯಾ?" ಅಂತ ಕೇಳಿ. ಅವನೇ ನಕ್ಕು 42 ಗುಣಿಸು 41, ಅಂದರೆ 1722 ಅನ್ನುತ್ತಾನೆ. ಆಗ ಪಕ್ಕದವಳ ಕೈ ಕುಲುಕಲು ಹೇಳಿ. ಈಗ ಆದದ್ದು ಒಂದೋ ಎರಡೋ? ಇಡೀ ಕ್ಲಾಸ್ ಅರ್ಧ ಮಾಡುತ್ತದೆ. 861. "ತಪ್ಪು ಹೇಳಿದರೆ ಪರವಾಗಿಲ್ಲ" ಅಂತ ನೀವು ಹತ್ತು ಸಲ ಹೇಳಿದರೂ ನಂಬದವರು ಇದನ್ನು ಕಣ್ಣಾರೆ ನೋಡಿ ನಂಬುತ್ತಾರೆ.

ಇನ್ನೊಂದು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ನನಗೆ ಇದು ಬರಲು ಎಂಟು ವರ್ಷ ಬೇಕಾಯಿತು. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್! ಅದನ್ನು ಮೂರು ಸೆಕೆಂಡ್ ಮಾಡಿದಾಗ ಉತ್ತರ ಉದ್ದವಾಯಿತು, ಕೇಳದೆಯೇ ಮಾತಾಡುವವರು ಜಾಸ್ತಿ ಆದರು, "ಗೊತ್ತಿಲ್ಲ" ಅನ್ನುವುದು ಕಡಿಮೆ ಆಯಿತು. ಮೂರು ಸೆಕೆಂಡ್ ಏನು ಮಹಾ ಅನ್ನಬೇಡಿ. ಬೋರ್ಡಿನ ಮುಂದೆ ನಿಂತವರಿಗೆ ಅದು ಮೂರು ನಿಮಿಷ. ನಾನು ಬೆನ್ನ ಹಿಂದೆ ಬೆರಳು ಮಡಿಸುತ್ತೇನೆ.

ನಗಬೇಡ ಅಂದ ಹಿರಿಯರಿಗೆ ನಮಸ್ಕಾರ. 1993ರಲ್ಲಿ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೊಸೆಂತಾಲ್ ಅನ್ನುವ ಮನಶ್ಶಾಸ್ತ್ರಜ್ಞರು ಅಧ್ಯಾಪಕರ ವಿಡಿಯೊಗಳನ್ನು ಅಪರಿಚಿತರಿಗೆ ತೋರಿಸಿದರು. ಮಾತು ಕೇಳಿಸುತ್ತಿರಲಿಲ್ಲ, ಒಟ್ಟು 30 ಸೆಕೆಂಡ್ ಮಾತ್ರ. ಆ ಅಪರಿಚಿತರು ಅಧ್ಯಾಪಕರಿಗೆ ಕೊಟ್ಟ ಅಂಕಕ್ಕೂ, ಇಡೀ ಅವಧಿ ಪಾಠ ಕೇಳಿದ ವಿದ್ಯಾರ್ಥಿಗಳು ಕೊನೆಗೆ ಕೊಟ್ಟ ಅಂಕಕ್ಕೂ ಚೆನ್ನಾಗಿ ತಾಳೆ ಬಿತ್ತು. ಇದು ಮಕ್ಕಳು ಎಷ್ಟು ಕಲಿತರು ಅನ್ನುವ ಅಳತೆ ಅಲ್ಲ, ನೆನಪಿರಲಿ. ಆದರೆ ನೀವು ಬಾಗಿಲಿಂದ ಮೇಜಿಗೆ ಬರುವಷ್ಟರಲ್ಲಿ ಅವರು ನಿಮ್ಮನ್ನು ತೂಗಿಬಿಟ್ಟಿರುತ್ತಾರೆ. ಒಂದು ತಿಂಗಳು ಗಂಟುಮುಖ ಹಾಕಿ ಆಮೇಲೆ ನಕ್ಕರೆ ಯಾರು ನಂಬುತ್ತಾರೆ?

ನಿಯಮಕ್ಕೆ ಕೊನೆಯ ಐದು ನಿಮಿಷ ಸಾಕು. ಮೂರೇ ಮೂರು. ಮರುದಿನವೇ ಜಾರಿ ಮಾಡುವ ಧೈರ್ಯ ನಿಮಗೆ ಇರುವಂಥವು ಮಾತ್ರ. ಮಾಡಲಾರದ ನಿಯಮ ಹೇಳಿದರೆ, ಮೇಡಂ ಮಾತಿಗೆ ಬೆಲೆ ಇಲ್ಲ ಅಂತ ನೀವೇ ಪಾಠ ಮಾಡಿದ ಹಾಗೆ.

ಹೊಸ ಟೀಚರ್

ಒಂದು ಅಂಕ ಕಟ್ ಮಾಡುವ ನಿಯಮ ಈಗಲೇ ಹೊಡೆದು ಹಾಕಿದೆ. ಆದರೆ ತೀರಾ ಮಾತೇ ಆಡದ ಮಕ್ಕಳು ಇರುತ್ತಾರಲ್ಲ, ಅವರಿಗೆ?

ಮೌನಿ

ನಾನು ಅಂಥ ಹುಡುಗಿಯಾಗಿದ್ದೆ. "ಎದ್ದು ನಿಂತು ನಿನ್ನ ಬಗ್ಗೆ ಹೇಳು" ಅಂದಾಗ ನನ್ನ ಸರದಿ ಬರುವವರೆಗೆ ಬೇರೆ ಯಾರ ಹೆಸರೂ ಕಿವಿಗೆ ಬೀಳುತ್ತಿರಲಿಲ್ಲ. ಮನಸ್ಸಲ್ಲೇ ನನ್ನ ಸಾಲು ಉರು ಹೊಡೆಯುತ್ತಿದ್ದೆ. ಒಬ್ಬ ಟೀಚರ್ ಮಾತ್ರ ಚಿಕ್ಕ ಚೀಟಿ ಕೊಟ್ಟರು. ಒಂದು ಕಡೆ ನಿನ್ನನ್ನು ಏನಂತ ಕರೆಯಬೇಕು, ಇನ್ನೊಂದು ಕಡೆ ಈ ವಿಷಯದಲ್ಲಿ ಯಾವುದು ಕಾಡುತ್ತದೆ ಅಂತ ಬರೆಯಬೇಕು. "ಬೋರ್ಡ್ ಮಸುಕಾಗಿ ಕಾಣುತ್ತೆ" ಅಂತ ಬರೆದಿದ್ದೆ. ಮರುದಿನ ಅವರು ಏನೂ ಹೇಳದೆ ಇಡೀ ಕ್ಲಾಸಿನ ಜಾಗ ಬದಲಿಸಿದರು. ನಾನು ಎರಡನೇ ಬೆಂಚಿಗೆ ಬಂದೆ. ನನಗಾಗಿ ಮಾಡಿದ್ದು ಅಂತ ಗೊತ್ತಿದ್ದದ್ದು ಇಬ್ಬರಿಗೇ.

ಹೊಸ ಟೀಚರ್

ಸೋಮವಾರ ಸಂಜೆ ಬರೆಯುತ್ತಿದ್ದೇನೆ. ಒಬ್ಬ ಬಂದಿರಲಿಲ್ಲ, 41 ಜನಕ್ಕೇ ಲೆಕ್ಕ ಕೊಟ್ಟೆ. ಮೊದಲ ಪ್ರಶ್ನೆಗೆ ಎರಡು ಸೆಕೆಂಡ್ ಕೂಡ ತಡೆಯಲಾಗದೆ ನಾನೇ ಉತ್ತರ ಹೇಳಲು ಹೊರಟಿದ್ದೆ, ನಾಲಿಗೆ ಕಚ್ಚಿಕೊಂಡೆ. 820 ಬಂತು. ಅಷ್ಟರಲ್ಲಿ ಆ ಒಬ್ಬ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ನಾನು ಬಾಯಿ ತೆರೆಯುವ ಮೊದಲೇ ಕೊನೆಯ ಬೆಂಚಿನಿಂದ ಒಬ್ಬಳು, "ಮೇಡಂ, ಇನ್ನೂ 41 ಜಾಸ್ತಿ ಆಯ್ತು!" ಅಂದಳು. 861. ಕ್ಲಾಸ್ ಚಪ್ಪಾಳೆ ಹೊಡೆಯಿತು. ಅವನಿಗೆ ಏನೂ ಅರ್ಥವಾಗದೆ, ತನಗೇ ಇರಬೇಕು ಅಂತ ಕೈ ಬೀಸಿದ.

ನಾನೂ ನಕ್ಕು ಒಳಗೆ ಬಿಟ್ಟೆ. ಕೊನೆಯ ಐದು ನಿಮಿಷದಲ್ಲಿ ಹೇಳಿದ ಮೊದಲ ನಿಯಮವೇ ಸಮಯಕ್ಕೆ ಬರಬೇಕು ಅನ್ನುವುದು. ಈಗ ಅವನಿಗೆ ಏನು ಹೇಳಲಿ?

ಸೀಮೆಸುಣ್ಣ

ನಿಯಮ ಹೇಳುವ ಮೊದಲು ಬಂದವನು, ಅವನ ಲೆಕ್ಕ ಚುಕ್ತಾ. ನಾಳೆ ಗಂಟೆ ಹೊಡೆಯುವ ಐದು ನಿಮಿಷ ಮುಂಚೆ ನೀವು ಬಾಗಿಲಲ್ಲಿ ನಿಂತಿರಿ. ಚೀಟಿ ತೆಗೆದುಕೊಂಡಿರಾ?

ಹೊಸ ಟೀಚರ್

42 ಚೀಟಿ ಮೇಜಿನ ಮೇಲಿವೆ. ಈಗ ಓದಲು ಕೂರುತ್ತೇನೆ.