‘ವಿಡೋ’, ‘ಆರ್ಫನ್’ ಸಾಲುಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ. ಮುಂಬಯಿಯ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಯನ್ನು ವೆಬ್ ಪುಟವಾಗಿ ಕಟ್ಟಿ, ಅದರಿಂದಲೇ ಅಚ್ಚಿಗೆ ಪಿಡಿಎಫ್ ತೆಗೆಯುತ್ತಿದ್ದೇವೆ. ವೆಬ್ ಪುಟದ ರೂಪ ಹೇಳುವ ಭಾಷೆಯಾದ ಸಿಎಸ್ಎಸ್‌ನಲ್ಲಿ, ಪ್ಯಾರಾ ಎರಡು ಪುಟಕ್ಕೆ ಒಡೆದಾಗ ಸಾಲು ಒಂಟಿಯಾಗದಂತೆ ಕೊಡುವ ‘ಆರ್ಫನ್ಸ್: 2’, ‘ವಿಡೋಸ್: 2’ ಎಂಬುದನ್ನು ನಮ್ಮ ಕೈಪಿಡಿಯಲ್ಲಿ ‘ಅನಾಥ ಸಾಲು 2’, ‘ವಿಧವೆ ಸಾಲು 2’ ಎಂದು ಬರೆದೆವು. ಓದಿದವರಿಗೆ ಇರುಸುಮುರುಸು. ಯಾವುದು ಪುಟದ ಮೇಲಿನದು, ಯಾವುದು ಕೆಳಗಿನದು ಎಂಬ ಗೊಂದಲ ಬೇರೆ. ಒಳ್ಳೆಯ ಪದ ಸೂಚಿಸುವಿರಾ?

ಉತ್ತರ (ಪುಣೆಯಿಂದ):
ನಮಸ್ಕಾರ. ಇರುಸುಮುರುಸು ಹಾಗಿರಲಿ, ಇಲ್ಲಿ ಅರ್ಥವೇ ತಿರುವುಮುರುವಾಗಿದೆ. ‘ಅನಾಥ ಸಾಲು 2’ ಎಂದರೆ ಎರಡು ಅನಾಥ ಸಾಲು ಇರಲಿ ಎಂದಾಗುತ್ತದೆ. ಸಿಎಸ್ಎಸ್‌ನ ‘ಆರ್ಫನ್ಸ್: 2’ ಹೇಳುವುದು ಬೇರೆ: ಪ್ಯಾರಾ ಒಡೆಯಬೇಕಾದರೆ ಹಿಂದಿನ ಪುಟದ ಅಡಿಯಲ್ಲಿ ಕನಿಷ್ಠ ಎರಡು ಸಾಲು ಉಳಿಯಲೇಬೇಕು. ‘ವಿಡೋಸ್’ ಮುಂದಿನ ಪುಟದ ಅಥವಾ ಕಾಲಮ್ಮಿನ ನೆತ್ತಿಗೆ ಹೋಗುವ ಸಾಲುಗಳ ಕನಿಷ್ಠ ಎಣಿಕೆ. ಹೆಸರು ದೋಷದ್ದು (ಪುಟದ ಅಡಿಯಲ್ಲೋ ನೆತ್ತಿಯಲ್ಲೋ ಒಂಟಿಯಾದ ಸಾಲು), ಅಂಕಿ ಅದನ್ನು ತಡೆಯುವ ಮಿತಿಯದು. 1 ಎಂದು ಕೊಟ್ಟರೆ ಒಂಟಿ ಸಾಲಿಗೆ ಅನುಮತಿ ಕೊಟ್ಟಂತೆ, 0 ನಡೆಯುವುದಿಲ್ಲ. ಏನೂ ಕೊಡದಿದ್ದರೆ ಎರಡಕ್ಕೂ 2.

‘ತಲೆಸಾಲು’ ಎನ್ನಬಹುದಿತ್ತು, ಆದರೆ ತಲೆಬರಹದ ಜೊತೆ ಕಲಸಿಹೋಗುತ್ತದೆ. ಅಡಿಯಿಂದ ಮುಡಿಯವರೆಗೆ ಎನ್ನುತ್ತೇವಲ್ಲ, ಅದೇ ಜೋಡಿ ಸಾಕು: ಆರ್ಫನ್ಸ್‌ಗೆ ‘ಕನಿಷ್ಠ ಅಡಿಸಾಲು’, ವಿಡೋಸ್‌ಗೆ ‘ಕನಿಷ್ಠ ಮುಡಿಸಾಲು’. ದೋಷಕ್ಕೆ ‘ಒಂಟಿ ಅಡಿಸಾಲು’, ‘ಒಂಟಿ ಮುಡಿಸಾಲು’. ‘ಕನಿಷ್ಠ’ವನ್ನು ಮಾತ್ರ ಬಿಡಬೇಡಿ.

ಪ್ಯಾರಾದ ಕೊನೆಯಲ್ಲಿ ‘ಇದೆ.’ ಎಂಬೊಂದೇ ಪದ ಉಳಿಯುವುದನ್ನೂ ಕೆಲವರು ವಿಡೋ ಎನ್ನುತ್ತಾರೆ. ಅದು ಬೇರೆ ಸಂಗತಿ. ಅದಕ್ಕೆ ಸಿಎಸ್ಎಸ್‌ನಲ್ಲೇ ‘ಟೆಕ್ಸ್ಟ್-ರ‍್ಯಾಪ್: ಪ್ರೆಟಿ’ ಇದೆ. ಕನ್ನಡದಲ್ಲಿ ‘ಒಂಟಿ ಪದ’ ಎಂದರಾಯಿತು.

ಎರಡನ್ನೂ 3 ಮಾಡಿದರೆ ಐದು ಸಾಲಿನ ಪ್ಯಾರಾ ಒಡೆಯಲಾರದು, ಇಡಿಯಾಗಿ ಮುಂದಕ್ಕೆ ಹೋಗುತ್ತದೆ. ಕಿರಿದಾದ ಕಾಲಮ್ಮಿನ ಕೆಳಗೆ ದೊಡ್ಡ ಖಾಲಿ ಜಾಗ ಬೀಳುತ್ತದೆ. ಸಂಚಿಕೆಗೆ 2 ಸಾಕು. ಫೈರ್‌ಫಾಕ್ಸ್ ಈ ಎರಡನ್ನೂ ಪಾಲಿಸುವುದಿಲ್ಲ, ಪಿಡಿಎಫ್ ಕ್ರೋಮ್‌ನಿಂದ ತೆಗೆಯಿರಿ.

ಎಡವುವುದು ಹೆಚ್ಚಾಗಿ ಇಲ್ಲಿ: ಟೈಪ್ ಮಾಡಿ ಕಳಿಸಿದ ಲೇಖನವನ್ನು ಒಂದೇ ‘ಪಿ’ (ಪ್ಯಾರಾ) ಟ್ಯಾಗಿನೊಳಗೆ ಸುರಿದು, ಪ್ಯಾರಾಗಳ ನಡುವೆ ಎರಡೆರಡು ‘ಬಿಆರ್’ (ಸಾಲು ಮುರಿಯುವ ಟ್ಯಾಗ್) ಹಾಕಿರುತ್ತಾರೆ. ಬ್ರೌಸರಿಗೆ ಅದು ಒಂದೇ ಉದ್ದನೆಯ ಪ್ಯಾರಾ, ಒಳಗಿನ ಪ್ಯಾರಾಗಳ ಸಾಲನ್ನು ಅದು ಎಣಿಸುವುದೇ ಇಲ್ಲ. ವಚನದಲ್ಲಿ ಇದರ ತದ್ವಿರುದ್ಧ: ಪ್ರತಿ ಸಾಲೂ ಪ್ರತ್ಯೇಕ ‘ಪಿ’ ಆದರೆ ಒಂದೊಂದೂ ಒಂದೇ ಸಾಲಿನ ಪ್ಯಾರಾ, ನಿಯಮ ತಾಗುವುದಿಲ್ಲ. ಇಡೀ ವಚನವನ್ನು ಒಂದು ‘ಪಿ’ಯಲ್ಲಿಟ್ಟು, ಸಾಲುಗಳಿಗೆ ‘ಬಿಆರ್’ ಕೊಟ್ಟು, ನಡುವೆ ಒಡೆಯದಂತೆ ‘ಬ್ರೇಕ್-ಇನ್‌ಸೈಡ್: ಅವಾಯ್ಡ್’ ಹಾಕಿ. ಉಪಶೀರ್ಷಿಕೆ ಪುಟದ ಅಡಿಯಲ್ಲಿ ಒಂಟಿಯಾದರೆ, ಅದರ ಬೆನ್ನಿಗೇ ಪುಟ ಒಡೆಯದಂತೆ ಅದಕ್ಕೆ ‘ಬ್ರೇಕ್-ಆಫ್ಟರ್: ಅವಾಯ್ಡ್’.