ಆಗಸ್ಟ್‌ನಲ್ಲಿ ಯೊಸೆಮಿಟಿ, ಝಯಾನ್, ಬ್ರೈಸ್: ಫೋಟೋಗೆ ಹಳೇ ಗೈಡ್‌ಬುಕ್ ನಂಬಬಹುದಾ?

ಸಾಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ರಿಟೈರಾಗಿ ಮೂರು ವರ್ಷ ಆಯ್ತು. ಮಗ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದಾನೆ. ಜುಲೈ ಕೊನೆಗೆ ನಾನೂ ನನ್ನಾಕೆಯೂ ಅಲ್ಲಿಗೆ ಹೊರಟಿದ್ದೀವಿ. ಆಗಸ್ಟ್ ಎರಡನೇ ವಾರ ಮಗನಿಗೆ ರಜ. ಯೊಸೆಮಿಟಿ ಎರಡು ದಿನ, ಆಮೇಲೆ ವಿಮಾನದಲ್ಲಿ ಲಾಸ್ ವೇಗಸ್, ಅಲ್ಲಿಂದ ಕಾರಲ್ಲಿ ಯೂಟಾ ರಾಜ್ಯದ ಝಯಾನ್, ಬ್ರೈಸ್ ಕ್ಯಾನ್ಯನ್, ಆರ್ಚಸ್. ಒಟ್ಟು ಏಳು ದಿನ. ಜೊತೆಗೆ ಸೊಸೆ ಮತ್ತು ನಾಲ್ಕು ವರ್ಷದ ಮೊಮ್ಮಗಳು.

ನನ್ನ ಹತ್ತಿರ ಇರೋದು ನಿಕಾನ್ ಡಿ5600, 18-140 ಝೂಮ್ ಲೆನ್ಸ್, ಮತ್ತೆ ಒಂದು ಟ್ರೈಪಾಡ್. ಟ್ರೈಪಾಡಿನ ಒಂದು ಕಾಲಿನ ಲಾಕ್ ಸಡಿಲ, ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ನಿಲ್ಲಿಸಿದ್ದೀನಿ.

ಹೋದ ತಿಂಗಳು ಬೆಂಗಳೂರಿಗೆ ಬಂದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ, ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಫೋಟೋ ತೆಗೆಯೋದು ಹೇಗೆ ಅನ್ನೋ ಗೈಡ್‌ಬುಕ್ ಸಿಕ್ತು. 150 ರೂಪಾಯಿ. 2004ರಲ್ಲಿ ಅಚ್ಚಾಗಿದ್ದು. ಎಲ್ಲಿ ನಿಲ್ಲಬೇಕು, ಯಾವ ಹೊತ್ತು, ಯಾವ ಲೆನ್ಸ್, ಅಪರ್ಚರ್ ಎಷ್ಟು, ಎಲ್ಲಾ ಬರೆದಿದೆ. ಪೆನ್ಸಿಲ್ ಹಿಡಿದು ಎರಡು ಸಲ ಓದಿದ್ದೀನಿ. ಈಗ ಪ್ರಶ್ನೆಗಳು.

ಇಪ್ಪತ್ತೆರಡು ವರ್ಷ ಹಳೇ ಪುಸ್ತಕ ಆದರೇನು, ಕಲ್ಲುಬಂಡೆ ಎಲ್ಲಿಗೂ ಓಡಿಹೋಗಲ್ಲವಲ್ಲ, ನಡೆಯುತ್ತೆ ಅಂದುಕೊಂಡಿದ್ದೀನಿ. ಸರೀನಾ? ಯೊಸೆಮಿಟಿ ಫಾಲ್ಸ್‌ಗೆ ಪೂರ್ತಿ ಒಂದು ಬೆಳಗ್ಗೆ ಎತ್ತಿಟ್ಟಿದ್ದೀನಿ. ಆಗಸ್ಟ್‌ನಲ್ಲಿ ನಮ್ಮ ಜೋಗದ ಹಾಗೇ ಮೈತುಂಬಿ ಬೀಳ್ತಿರುತ್ತೆ ಅಲ್ವಾ? ಪುಸ್ತಕದಲ್ಲಿ ಕೊಟ್ಟಿರೋ ಎಫ್ ನಂಬರ್, ಶಟರ್ ಸ್ಪೀಡ್ ಹಾಗ್ಹಾಗೇ ಹಾಕಬಹುದಾ? ಮಗ ಒಂದು ಡ್ರೋನ್ ಬೇರೆ ಕೊಂಡಿದ್ದಾನೆ, ತರಬಹುದಾ?

ಇನ್ನೊಂದು ಮುಜುಗರದ ಮಾತು. ಮೂವತ್ತು ವರ್ಷ ಮಕ್ಕಳಿಗೆ ‘ಟ್ರೇಸಿಂಗ್ ಪೇಪರ್ ಇಟ್ಟು ಗೀಚಬೇಡ್ರೋ’ ಅಂತ ಬೈದವನು ನಾನು. ಈಗ ಇಷ್ಟು ದುಡ್ಡು ಸುರಿದು, ಬೇರೆ ಯಾರೋ ನಿಂತ ಜಾಗದಲ್ಲೇ ನಿಂತು ಅದೇ ಫೋಟೋ ತೆಗೆದು ಬರೋದು ಟ್ರೇಸಿಂಗೇ ಅಲ್ವಾ?

ಹಾಸನದವ:

ಮೇಷ್ಟ್ರೇ, ಕೆಟ್ಟ ಸುದ್ದಿ ಮೊದಲು ಹೇಳಿಬಿಡ್ತೀನಿ. ಆಗಸ್ಟ್‌ನಲ್ಲಿ ಯೊಸೆಮಿಟಿ ಫಾಲ್ಸ್ ಬಹುತೇಕ ಒಣಗಿರುತ್ತೆ.

ನಾನೂ ನಿಮ್ಮ ಹಾಗೇ ಅಂದುಕೊಂಡು ಅಪ್ಪ ಅಮ್ಮನ್ನ ಆಗಸ್ಟ್‌ನಲ್ಲೇ ಕರ್ಕೊಂಡು ಹೋಗಿದ್ದೆ. ಫ್ರೀಮಾಂಟ್‌ನಿಂದ ನಾಲ್ಕು ಗಂಟೆ ಡ್ರೈವ್. ಅಪ್ಪ ಹುಲ್ಲುಗಾವಲಿನಲ್ಲಿ ನಿಂತು ಕತ್ತೆತ್ತಿ ನೋಡಿ, ‘ಎಲ್ಲೋ ಫಾಲ್ಸು?’ ಅಂದರು. ಮೇಲಿಂದ ಕೆಳಗಿನ ತನಕ ಬಂಡೆ ಮೇಲೆ ಉದ್ದಕ್ಕೆ ಒಂದು ಕಪ್ಪು ಕಲೆ, ನೆತ್ತಿ ಹತ್ತಿರ ನೂಲಿನಷ್ಟು ಒದ್ದೆ. ಅಷ್ಟೇ. ಮೂರು ಹಂತ ಸೇರಿ 739 ಮೀಟರ್, ಜೋಗದ ಹತ್ತಿರಹತ್ತಿರ ಮೂರರಷ್ಟು ಎತ್ತರ, ನೀರು ಮಾತ್ರ ಇಲ್ಲ. ಅಲ್ಲಿ ಬೇಸಿಗೆಯಲ್ಲಿ ಮಳೆ ಕಮ್ಮಿ. ಮೇಲಿನ ಹಿಮ ಕರಗಿದ ನೀರೇ ಫಾಲ್ಸ್‌ಗೆ ಆಧಾರ. ಮೇ, ಜೂನ್‌ನಲ್ಲಿ ಆರ್ಭಟ, ಆಮೇಲೆ ಇಳೀತಾ ಇಳೀತಾ ಆಗಸ್ಟ್‌ಗೆ ಮುಗಿದುಹೋಗುತ್ತೆ. ನಿಮ್ಮ ಪುಸ್ತಕದಲ್ಲೂ ಇದು ಎಲ್ಲೋ ಇರುತ್ತೆ, ಹುಡುಕಿ ನೋಡಿ. ನನ್ನ ಪುಸ್ತಕದಲ್ಲಿ ಇತ್ತು, ಫೋಟೋ ನೋಡೋ ಭರದಲ್ಲಿ ನಾನು ಓದಿರಲಿಲ್ಲ.

ಆ ಬೆಳಗ್ಗೆಯನ್ನು ಫಾಲ್ಸ್‌ನಿಂದ ಕಿತ್ತು ಬೇರೆ ಕಡೆ ಹಾಕಿ. ನೀರು ಕಮ್ಮಿ ಆದಮೇಲೆ ಮರ್ಸೆಡ್ ಹೊಳೆ ನಿಧಾನವಾಗಿ, ಕನ್ನಡಿ ಹಾಗೆ ಹರಿಯುತ್ತೆ. ಸಂಜೆ ಏಳರ ಹೊತ್ತಿಗೆ ಸೆಂಟಿನಲ್ ಸೇತುವೆ ಮೇಲೆ ಜಾಗ ಹಿಡೀರಿ. ಕಣಿವೆಗೆಲ್ಲಾ ನೆರಳು ಬಿದ್ದಮೇಲೂ ಹಾಫ್ ಡೋಮ್ ಬಂಡೆಬೆಟ್ಟದ ನೆತ್ತಿ ಒಂದಷ್ಟು ಹೊತ್ತು ಕೆಂಡದ ಬಣ್ಣಕ್ಕೆ ತಿರುಗಿ ನಿಂತಿರುತ್ತೆ, ಕೆಳಗೆ ನೀರಲ್ಲೂ ಅದೇ. ಎರಡನೇ ಸಂಜೆ ಗ್ಲೇಷಿಯರ್ ಪಾಯಿಂಟ್, ಅಂದ್ರೆ ಮೇಲಿಂದ ಕಣಿವೆ ನೋಡೋ ಜಾಗ.

ಟನಲ್ ವ್ಯೂ ಅಂತ ಇನ್ನೊಂದು ನೋಟದ ಜಾಗ ಇದೆ, ಅಲ್ಲಿಗೆ ಮಧ್ಯಾಹ್ನ ಮೇಲೇ ಹೋಗಿ. ಅಲ್ಲಿ ನಾವು ಪೂರ್ವಕ್ಕೆ ಮುಖ ಮಾಡಿ ನಿಂತಿರ್ತೀವಿ. ಬೆಳಗ್ಗೆ ಹೋದರೆ ಸೂರ್ಯ ಲೆನ್ಸಿಗೇ ಹೊಡೀತಾನೆ. ಇಳಿಹೊತ್ತಲ್ಲಿ ಎಡಗಡೆ ಎಲ್ ಕ್ಯಾಪಿಟನ್ ಬಂಡೆ, ಬಲಗಡೆ ಬ್ರೈಡಲ್‌ವೇಲ್ ಫಾಲ್ಸ್, ಎರಡರ ಮೇಲೂ ಬೆಳಕು. ಬ್ರೈಡಲ್‌ವೇಲ್ ಮಾತ್ರ ವರ್ಷಪೂರ್ತಿ ತೆಳ್ಳಗಾದರೂ ಬೀಳುತ್ತೆ. ನಿಮ್ಮಾಕೆ ‘ಫಾಲ್ಸ್ ಎಲ್ರೀ’ ಅಂತ ಕೇಳಿದರೆ ಅದನ್ನೇ ತೋರಿಸಿ.

ಗೈಡ್‌ಬುಕ್ ಇರೋದೇ ಇಂಥದ್ದಕ್ಕೆ ಅಂತ ನನ್ನ ಅಭಿಪ್ರಾಯ. ಯಾವ ದಿಕ್ಕು, ಯಾವ ಹೊತ್ತು, ಯಾವ ತಿಂಗಳು. ಈ ಮೂರನ್ನ ಪುಸ್ತಕದಿಂದ ಎತ್ತಿಕೊಳ್ಳಿ. ಎಫ್ ನಂಬರ್, ಶಟರ್ ಎಲ್ಲಾ ಬಿಡಿ. 2004ರಲ್ಲಿ ಬರೆದವರಲ್ಲಿ ಬಹಳ ಜನ ಇನ್ನೂ ವೆಲ್ವಿಯಾ ಫಿಲ್ಮ್ ಹಾಕುತ್ತಿದ್ದವರು. ಬೆಳಕು ಜಾಸ್ತಿ ಬೇಡೋ ಆ ಐಎಸ್ಒ 50 ಫಿಲ್ಮಿನ ಲೆಕ್ಕ ನಿಮ್ಮ ಡಿ5600ಗೆ ಯಾಕೆ? ರಾ ಫೈಲಲ್ಲಿ, ಅಂದ್ರೆ ಆಮೇಲೆ ತಿದ್ದಕ್ಕೆ ಬರೋ ಕಚ್ಚಾ ಫೈಲಲ್ಲಿ ತೆಗೀರಿ, ಆಕಾಶ ಬೆಳ್ಳಗಾಗದ ಹಾಗೆ ನೋಡಿಕೊಳ್ಳಿ, ಸಾಕು.

ಈಗ ಬ್ರೈಸ್. ಅಲ್ಲಿ ಸನ್‌ಸೆಟ್ ಪಾಯಿಂಟ್ ಅಂತ ಒಂದು ಜಾಗ ಇದೆ. ಹೆಸರು ನಂಬಿಕೊಂಡು ಸೂರ್ಯಾಸ್ತಕ್ಕೆ ಹೋದೆ. ಹೂಡೂ ಅನ್ನೋ ಕಲ್ಲಿನ ಕಂಬಗಳಿರೋ ಆ ದೊಡ್ಡ ಬೋಗುಣಿ ಪೂರ್ವಕ್ಕೆ ತೆರೆದುಕೊಂಡಿದೆ ಮೇಷ್ಟ್ರೇ! ಸಂಜೆ ಸೂರ್ಯ ನಮ್ಮ ಬೆನ್ನ ಹಿಂದೆ ಇಳೀತಾನೆ, ಕೆಳಗಿನ ಕಂಬಗಳೆಲ್ಲಾ ನಮ್ಮದೇ ಗುಡ್ಡದ ನೆರಳಲ್ಲಿ ಬೂದಿ ಬಣ್ಣ. ಸರಿ, ಬೆಳಗ್ಗೆ ಸೂರ್ಯೋದಯಕ್ಕೇ ಬರೋಣ ಅಂತ ಮಲಗಿದೆ. ಫೋನ್ ಚಾರ್ಜರ್ ವೇಗಸ್‌ನ ರೂಮಲ್ಲೇ ಉಳಿದಿತ್ತು. ಮಾವ ಕೊಟ್ಟ ಎಚ್ಎಂಟಿ ವಾಚನ್ನೇ ದಿಂಬಿನ ಪಕ್ಕ ಇಟ್ಟುಕೊಂಡು, ಐದೂಮುಕ್ಕಾಲು ನೋಡಿ ಎದ್ದು ಹೊರಬಂದರೆ ಫಳಫಳ ಬಿಸಿಲು. ವಾಚು ಸರಿಯಾಗೇ ಇತ್ತು, ಕ್ಯಾಲಿಫೋರ್ನಿಯಾದ ಸಮಯ ತೋರಿಸ್ತಿತ್ತು. ಯೂಟಾ ಒಂದು ಗಂಟೆ ಮುಂದೆ. ನೀವು ಹೋಗೋ ವಾರ ಬ್ರೈಸ್‌ನಲ್ಲಿ ಸೂರ್ಯ ಹುಟ್ಟೋದು 6:40ರ ಸುಮಾರಿಗೆ, ಯೂಟಾ ಲೆಕ್ಕದಲ್ಲಿ. ಯೂಟಾ ಗಡಿ ದಾಟಿದ ಕೂಡಲೇ ಕೈಗಡಿಯಾರ ತಿರುಗಿಸಿ.

ಅವತ್ತು ತಡವಾಗಿ ಹೋದರೂ ಒಂದು ನೋಡಿದೆ. ಬಿಸಿಲು ನೇರವಾಗಿ ಒಂದು ಕಂಬಕ್ಕೆ ಬಿದ್ದು, ಅದರಿಂದ ಸಿಡಿದು ಹಿಂದಿನ ಕಂಬದ ನೆರಳಿನ ಮಗ್ಗುಲಿಗೆ ಹೊಡೀತಿತ್ತು. ನೆರಳೇ ಕಿತ್ತಳೆ ಬಣ್ಣದಲ್ಲಿ, ಒಳಗೆ ದೀಪ ಇಟ್ಟ ಹಾಗೆ. ನೀವು ಡ್ರಾಯಿಂಗ್ ಮೇಷ್ಟ್ರು, ನಿಮಗೆ ನನಗಿಂತ ಚೆನ್ನಾಗಿ ಅರ್ಥ ಆಗುತ್ತೆ. ಸೂರ್ಯ ಹುಟ್ಟಿ ಅರ್ಧ ಗಂಟೆ ಆದಮೇಲೂ ಕ್ಯಾಮೆರಾ ಚೀಲಕ್ಕೆ ಹಾಕಬೇಡಿ.

ಕೊನೇದು. ಕಲ್ಲು ಓಡಿಹೋಗಲ್ಲ ಅಂದಿರಿ. ಆರ್ಚಸ್ ಪುಟಗಳಲ್ಲಿ ಡೆವಿಲ್ಸ್ ಗಾರ್ಡನ್ ಅನ್ನೋ ಕಡೆ ವಾಲ್ ಆರ್ಚ್ ಅಂತ ಒಂದು ಕಲ್ಲಿನ ಕಮಾನು ಇದೆಯಾ ನೋಡಿ. 2008ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಅದು ಕುಸಿದುಬಿತ್ತು. ಈಗ ಅಲ್ಲಿರೋದು ಬಂಡೆಗಳ ರಾಶಿ.

ಹಾಗೆ ನೋಡಿದರೆ ಆರ್ಚಸ್ಸನ್ನೇ ಕೈಬಿಡಿ. ಬ್ರೈಸ್‌ನಿಂದ ನಾಲ್ಕೂವರೆ ಗಂಟೆ, ವಾಪಸ್ ಬರೋದು ಬೇರೆ. ನಾಲ್ಕು ವರ್ಷದ ಮಗು ಜೊತೆಗೆ ಅದು ಫೋಟೋ ಪ್ರವಾಸ ಅಲ್ಲ, ಲಾರಿ ಡ್ರೈವರ್ ಕೆಲಸ.

ಮೊಬೈಲ್ ಸಾಕು:

ನನ್ನದು ಉಲ್ಟಾ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ಪುಸ್ತಕ ಮನೇಲಿ ಬಿಡಿ ಸರ್.

ಯೂಟಾದ ಕ್ಯಾನ್ಯನ್‌ಲ್ಯಾಂಡ್ಸ್ ಪಾರ್ಕ್‌ನಲ್ಲಿ ಮೇಸಾ ಆರ್ಚ್ ಅಂತ ಒಂದು ಕಲ್ಲಿನ ಕಮಾನು ಇದೆ. ಎಲ್ಲಾ ಪುಸ್ತಕದಲ್ಲೂ ಒಂದೇ ಮಾತು: ಸೂರ್ಯೋದಯಕ್ಕೆ ಹೋಗಿ, ಕಮಾನಿನ ಅಡಿಭಾಗ ಕೆಂಪಗೆ ಹೊಳೆಯುತ್ತೆ. ನಿಜ, ಹೊಳೆಯುತ್ತೆ. ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಹೋದರೆ ನನಗಿಂತ ಮುಂಚೆ ಸುಮಾರು ನಲವತ್ತು ಟ್ರೈಪಾಡು. ಒಂದರ ಕಾಲೊಳಗೆ ಇನ್ನೊಂದರ ಕಾಲು. ಯಾರದೋ ಮಗು ಕಮಾನಿನ ಹತ್ತಿರ ಹೋಗಿದ್ದಕ್ಕೆ ಹಿಂದಿನಿಂದ ಒಬ್ಬ ಕೂಗಾಡಿದ. ಆ ಮಗುವಿನ ಅಪ್ಪನೂ ಸುಮ್ಮನಿರಲಿಲ್ಲ. ಸೂರ್ಯ ಹುಟ್ಟೋ ಹೊತ್ತಲ್ಲಿ ಬೀದಿ ನಲ್ಲಿ ಮುಂದಿನ ಥರದ ಜಗಳ. ನನ್ನ ಫೋಟೋ ಚೆನ್ನಾಗೇ ಬಂತು. ಗೂಗಲ್‌ನಲ್ಲಿ ಹುಡುಕಿದರೆ ಸಿಗೋದಕ್ಕೂ ಅದಕ್ಕೂ ವ್ಯತ್ಯಾಸ ನನಗೇ ಗೊತ್ತಾಗಲ್ಲ. ನಿಮ್ಮ ಟ್ರೇಸಿಂಗ್ ಪ್ರಶ್ನೆಗೆ ನನ್ನ ಉತ್ತರ: ಹೌದು, ಟ್ರೇಸಿಂಗೇ.

ಹಾಸನದವ:

ಅದಕ್ಕೆ ಪುಸ್ತಕ ಏನು ಮಾಡುತ್ತೆ ಮಾರಾಯ್ರೆ? ನಲವತ್ತು ಜನಕ್ಕೂ ಅದು ಚೆಂದ ಅನ್ನಿಸಿದೆ, ನಿಮಗೂ ಅನ್ನಿಸಿತು. ಏಳು ದಿನಕ್ಕೆ ಹೋಗೋರು ಬೆಳಕು ಎಲ್ಲಿಂದ ಬರುತ್ತೆ ಅಂತ ತಾವೇ ಕಂಡುಹಿಡೀತಾ ಕೂತರೆ ರಜ ಮುಗಿದಿರುತ್ತೆ. ಮೊದಲ ಫೋಟೋ ಪುಸ್ತಕದ್ದು ತೆಗೆದುಬಿಡಲಿ. ಆಮೇಲೆ ಲೆನ್ಸನ್ನ 140ಕ್ಕೆ ಎಳೆದು ಅದೇ ಬೆಳಕಲ್ಲಿ ಒಂದು ಬಿರುಕೋ ಮರವೋ ಹಿಡಿಯಲಿ. ಅದಕ್ಕೆ ಯಾವ ಪುಸ್ತಕದಲ್ಲೂ ಪುಟ ಇರಲ್ಲ.

ಅತ್ತೆ ಜೊತೆ ಅಮೆರಿಕ:

ಗಂಡಸರು ಬೆಳಕಿನ ವಿಷಯ ಮುಗಿಸಿದ್ರೆ ನಾನು ಸ್ವಲ್ಪ ಹೇಳ್ತೀನಿ. ಅತ್ತೆಯವರನ್ನೂ ಮೂರು ವರ್ಷದ ಮಗನನ್ನೂ ಇದೇ ದಾರಿಯಲ್ಲಿ ಕರ್ಕೊಂಡು ಹೋದವಳು.

ಪುಸ್ತಕದಲ್ಲಿರೋ ಪ್ರವೇಶ ಶುಲ್ಕ ನಂಬಬೇಡಿ. 2026ರ ಜನವರಿಯಿಂದ ಹೊರದೇಶದವರಿಗೆ ವಾರ್ಷಿಕ ಪಾಸ್ 250 ಡಾಲರ್, ಅಲ್ಲಿನ ನಿವಾಸಿಗಳಿಗೆ 80. ಪಾಸ್ ಇಲ್ಲದ ಹೊರದೇಶದವರಿಗೆ ಹೆಚ್ಚುವರಿ ಶುಲ್ಕ ಹಾಕೋ ಪಾರ್ಕ್‌ಗಳ ಪಟ್ಟಿಯಲ್ಲಿ ಯೊಸೆಮಿಟಿ, ಝಯಾನ್, ಬ್ರೈಸ್ ಮೂರೂ ಇವೆ. ಹೊರಡೋ ಮುಂಚೆ ಮಗನಿಗೆ ಹೇಳಿ ನ್ಯಾಷನಲ್ ಪಾರ್ಕ್ ಸರ್ವಿಸ್ ವೆಬ್‌ಸೈಟ್ ನೋಡಿಸಿ. ಡ್ರೋನ್ 2014ರಿಂದಲೇ ನಿಷೇಧ, ಮನೇಲೇ ಇರಲಿ.

ಬ್ರೈಸ್ ಅಂಚು 2,400 ಮೀಟರ್‌ಗಿಂತ ಮೇಲಿದೆ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಎತ್ತರ. ಅತ್ತೆಗೆ ಮೊದಲ ದಿನ ನಾಲ್ಕು ಹೆಜ್ಜೆಗೆ ಏದುಸಿರು. ನಿಧಾನ ಮಾಡಿ, ನೀರು ಕುಡೀತಾ ಇರಿ. ಆಗಸ್ಟ್ ಬೆಳಗ್ಗೆನೂ ಅಲ್ಲಿ ಚಳಿ, ಸ್ವೆಟರ್ ಬೇಕು.

ಝಯಾನ್‌ನಲ್ಲಿ ಆ ಸಮಯದಲ್ಲಿ ಕಣಿವೆ ರಸ್ತೆಗೆ ಸ್ವಂತ ಕಾರು ಬಿಡಲ್ಲ, ಶಟಲ್ ಬಸ್ಸೇ ಗತಿ. ವಾಚ್‌ಮನ್ ಬೆಟ್ಟದ ಫೋಟೋನ ಸೇತುವೆ ಮೇಲಿಂದ ತೆಗೀರಿ ಅಂತ ಪುಸ್ತಕದಲ್ಲಿದ್ದರೆ, ಅಲ್ಲಿ ವಾಹನ ಓಡಾಡ್ತಿರುತ್ತೆ, ಟ್ರೈಪಾಡ್ ಇಡಬೇಡಿ. ಕೆಳಗೆ ಹೊಳೆ ಪಕ್ಕದಲ್ಲೇ ಪಾರಸ್ ಅನ್ನೋ ದಾರಿ ಇದೆ. ಸಮತಟ್ಟು, ಮಗುವಿನ ತಳ್ಳುಗಾಡಿ ಸಲೀಸಾಗಿ ಹೋಗುತ್ತೆ, ಬೆಟ್ಟವೂ ಕಾಣುತ್ತೆ.

ಆ ಸೀಮೆಯಲ್ಲಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ತನಕದ ಮಳೆಗೆ ಅವರೂ ಮಾನ್ಸೂನ್ ಅಂತಾನೇ ಕರೀತಾರೆ. ನಮ್ಮ ಹಾಗೆ ದಿನಗಟ್ಟಲೆ ಜಡಿಯಲ್ಲ. ಮಧ್ಯಾಹ್ನ ಮೇಲೆ ದಿಢೀರ್ ಗುಡುಗು ಸಿಡಿಲು, ಕಿರಿದಾದ ಕಣಿವೆಗಳಲ್ಲಿ ಕ್ಷಣದಲ್ಲಿ ಪ್ರವಾಹ. ಝಯಾನ್‌ನ ನ್ಯಾರೋಸ್ ಅನ್ನೋ ಇಕ್ಕಟ್ಟು ಕಣಿವೆ ಕಡೆ ಮಗು ಕರ್ಕೊಂಡು ನೀರಿಗೆ ಇಳೀಬೇಡಿ. ಗುಡುಗು ಕೇಳಿದರೆ ಬ್ರೈಸ್ ಅಂಚಿನಿಂದ ಕಾರಿಗೆ ಬನ್ನಿ, ಫೋಟೋ ಹಾಳಾಗಿ ಹೋಗಲಿ. ಕ್ಯಾಲಿಫೋರ್ನಿಯಾ ಕಡೆ ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಇದ್ದರೂ ಇರಬಹುದು.

ಸಾಗರದ ಮೇಷ್ಟ್ರು:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ವಾಲ್ ಆರ್ಚ್ ನನ್ನ ಪುಸ್ತಕದಲ್ಲಿದೆ! ಕಾಲು ಪುಟದ ಫೋಟೋ, ಪಕ್ಕದಲ್ಲಿ ಹಿಂದಿನ ಮಾಲೀಕ ಯಾರೋ ನೀಲಿ ಇಂಕಲ್ಲಿ ಟಿಕ್ ಹಾಕಿದ್ದಾನೆ. ಪುಣ್ಯವಂತ, ಬೀಳೋ ಮುಂಚೆ ನೋಡಿದ್ದಾನೋ ಏನೋ. ಫಾಲ್ಸ್ ಒಣಗೋ ವಿಷಯವೂ ಇದೆ, ಯೊಸೆಮಿಟಿ ಫಾಲ್ಸ್ ಪುಟದ ಕೆಳಗೆ, ಇರುವೆ ಅಕ್ಷರದಲ್ಲಿ. ಎರಡು ಸಲ ಓದಿದ್ದೀನಿ ಅಂತ ಬರೆದಿದ್ದಕ್ಕೆ ನಾಚಿಕೆ. ಆರ್ಚಸ್ ಬಿಟ್ಟೆ. ಮಗನಿಗೆ ಹೇಳಿದಾಗ ಅವನ ಮುಖ ಅರಳಿದ್ದು ವೀಡಿಯೋ ಕಾಲಲ್ಲೇ ಕಂಡಿತು.

ಸಾಗರದ ಮೇಷ್ಟ್ರು:

ಹೋಗಿ ಬಂದೆ. ವರದಿ ಒಪ್ಪಿಸಬೇಕಲ್ಲ.

ಯೊಸೆಮಿಟಿ ಫಾಲ್ಸ್: ಕಪ್ಪು ಕಲೆ. ನನ್ನಾಕೆ, ‘ನಮ್ಮೂರಲ್ಲಿ ಮಳೆ ಸುರೀತಿರುವಾಗ ಜೋಗ ಬಿಟ್ಟು ಇದನ್ನ ನೋಡಕ್ಕೆ ಬಂದ್ವಾ’ ಅಂದಳು. ಬ್ರೈಡಲ್‌ವೇಲ್ ತೋರಿಸಿದೆ. ಅರ್ಧ ಒಪ್ಪಿದಳು.

ಗ್ಲೇಷಿಯರ್ ಪಾಯಿಂಟ್‌ನಲ್ಲಿ ಹೊಗೆ, ಹಾಫ್ ಡೋಮ್ ಚಹಾ ಬಣ್ಣ. ಸೆಂಟಿನಲ್ ಸೇತುವೆ ಮಾತ್ರ ಹಾಸನದವರು ಹೇಳಿದ್ದು ಹೇಳಿದ ಹಾಗೆ. ಟ್ರೈಪಾಡಿನ ರಬ್ಬರು ಅಲ್ಲೇ ಜಾರಿತು. ಕ್ಯಾಮೆರಾ ಉಳೀತು, ಬಲಮಂಡಿ ಉಳೀಲಿಲ್ಲ.

ಬ್ರೈಸ್‌ನಲ್ಲಿ ಯೂಟಾ ಸಮಯಕ್ಕೇ ಎದ್ದೆವು. ಥಾರ್ಸ್ ಹ್ಯಾಮರ್ ಅನ್ನೋ ಒಂಟಿ ಕಂಬ, ಪುಸ್ತಕ ಹೇಳಿದ ಜಾಗದಿಂದಲೇ ತೆಗೆದೆ, ಟ್ರೇಸಿಂಗ್ ಅನ್ನಿ ಏನಾದರೂ ಅನ್ನಿ. ಆಮೇಲೆ ನೆರಳಿನ ಮಗ್ಗುಲು ನೋಡ್ತಾ ಕೂತುಬಿಟ್ಟೆ. ಆ ಬಣ್ಣ ಕಿತ್ತಳೆ ಅಲ್ಲ ಹಾಸನದವರೇ, ಕಿತ್ತಳೆಗೆ ಒಂಚೂರು ಗುಲಾಬಿ ಬೆರೆಸಬೇಕು, ಅಂಚಲ್ಲಿ ಸಣ್ಣಗೆ ನೇರಳೆ. ಎಂಟು ಫೋಟೋ ತೆಗೆದೆ, ಒಂದರಲ್ಲೂ ಬಂದಿಲ್ಲ. ಈಗ ಜಲವರ್ಣದಲ್ಲಿ ಪ್ರಯತ್ನ ಮಾಡ್ತಿದ್ದೀನಿ, ಮೂರನೇ ಹಾಳೆ.

ಪುಸ್ತಕದಲ್ಲಿ ತಪ್ಪಿದ್ದ ಕಡೆಯೆಲ್ಲಾ ಪೆನ್ಸಿಲಲ್ಲಿ ತಿದ್ದಿದ್ದೀನಿ. ಶುಲ್ಕ, ಬಸ್ಸು, ಬಿದ್ದ ಕಮಾನು ಎಲ್ಲಾ. ಮುಂದೆ ಹೋಗೋರು ಯಾರಾದರೂ ಇದ್ದರೆ ಹೇಳಿ, ಅಂಚೆ ಖರ್ಚು ನನ್ನದೇ. ಝಯಾನ್ ಪುಟಗಳ ಮೇಲೆ ಮೊಮ್ಮಗಳು ಮಾವಿನ ಜ್ಯೂಸ್ ಚೆಲ್ಲಿದ್ದಾಳೆ, ಅಂಟಿಕೊಂಡಿವೆ, ಹಬೆಯಲ್ಲಿ ಹಿಡಿದು ಬಿಡಿಸಬೇಕು.

ಮೊಬೈಲ್ ಸಾಕು:

ನನಗೆ ಕಳಿಸಿ ಸರ್. ಮೇ ತಿಂಗಳಿಗೆ ಟಿಕೆಟ್ ಆಗಿದೆ.