ಪದಚರ್ಚೆ: ಸಿವಿಲ್ ವಾರ್‌ಗೆ ಏನನ್ನೋಣ? ಸಂಜೆಯೊಳಗೆ ಬೇಕು

ವಿ., ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಕೆರ್ರಿ ಕೌಂಟಿಯ ಹಳೆಯ ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. 6 ಗಂಟೆಗೆ ಪ್ರಿಂಟಿಗೆ ಹೋಗಬೇಕು. ವಿಷಯ 1922-23ರ ಸಿವಿಲ್ ವಾರ್. ಯಂತ್ರ ಕೊಟ್ಟ ಕರಡಿನಲ್ಲಿ 'ನಾಗರಿಕ ಯುದ್ಧ' ಅಂತಿದೆ. ಅದೇ ಕರಡಿನಲ್ಲಿ 'ಕೈದಿಗಳನ್ನು ಗಣಿಗೆ ಕಟ್ಟಿ ಸಿಡಿಸಿದರು' ಅಂತಲೂ ಇದೆ! ಇಂಗ್ಲಿಷಿನ 'ಮೈನ್' ಅನ್ನು ಯಂತ್ರ ಗಣಿ ಮಾಡಿದೆ, ಅದನ್ನು ನಾನೇ ನೆಲಬಾಂಬ್ ಮಾಡಿಕೊಂಡೆ. ಇನ್ನೊಂದಕ್ಕೆ ನಿಮ್ಮ ಸಹಾಯ ಬೇಕು.

ಸಂದರ್ಭ: 1923ರ ಮಾರ್ಚ್ 6ರಂದು ನಾಕ್ನಗೋಶೆಲ್‌ನಲ್ಲಿ ಹೂತಿಟ್ಟ ಬಾಂಬ್ ಸಿಡಿದು ಬ್ರಿಟನ್ ಜೊತೆಗಿನ ಒಪ್ಪಂದದಿಂದ ಹುಟ್ಟಿದ ಫ್ರೀ ಸ್ಟೇಟ್ ಸರ್ಕಾರದ 5 ಸೈನಿಕರು ಸತ್ತರು. ಮರುದಿನವೇ ಸೈನ್ಯ ಒಪ್ಪಂದ ವಿರೋಧಿಗಳಾದ 9 ಕೈದಿಗಳನ್ನು ಬಾಲಿಸೀಡಿಗೆ ಒಯ್ದು, ನೆಲಬಾಂಬಿನ ಸುತ್ತ ಕಟ್ಟಿ ಸಿಡಿಸಿತು. 8 ಜನ ಸತ್ತರು. ಸ್ಟೀಫನ್ ಫುಲ್ಲರ್ ಒಬ್ಬರು ದೂರ ಎಸೆಯಲ್ಪಟ್ಟು ಬದುಕಿಕೊಂಡರು.

ನಾ., ಮೈಸೂರು

ಅಂತರ್ಯುದ್ಧ. ಪತ್ರಿಕೆಗಳಲ್ಲಿ ಎಂದಿನಿಂದಲೋ ಇದೆ. ಇದರಲ್ಲಿ ಚರ್ಚೆಗೆ ಏನಿದೆ?

ಬ., ಧಾರವಾಡ

ಇದೆ. ಮೊದಲೇ ಸಂಸ್ಕೃತ, ಅದರ ಮೇಲೆ ಅರ್ಕಾವತ್ತು. ಫೋಟೋ ನೋಡಲು ಬಂದ ಮಗು ಓದಬೇಡವೇ? 'ಒಳಗಾಳಗ' ಅನ್ನಿ. ಮಳೆಗಾಲದ ಹಾಗೆ ಇಲ್ಲೂ ಕಕಾರ ಗಕಾರವಾಗಿದೆ. ತಕರಾರಿದ್ದವರು ವ್ಯಾಕರಣ ತೋರಿಸಲಿ.

ನಾ., ಮೈಸೂರು

ವ್ಯಾಕರಣ ಸರಿ ಇದೆ. ಪದ ಯಾರ ಬಾಯಲ್ಲಿದೆ ಅದನ್ನು ತೋರಿಸಿ.

ಶ., ಶಿವಮೊಗ್ಗ

ಇಬ್ಬರೂ ಸ್ವಲ್ಪ ನಿಲ್ಲಿ. 'ದಾಯಾದಿ ಕಾಳಗ' ಇರುವಾಗ ಹೊಸದು ಯಾಕೆ? ಕುರುಕ್ಷೇತ್ರ ಕಣ್ಮುಂದೆ ಬರುತ್ತದೆ. ಇನ್ನು 'ನಾಗರಿಕ' ಪೂರ್ತಿ ತಪ್ಪೂ ಅಲ್ಲ. ಲ್ಯಾಟಿನ್ನಿನಲ್ಲಿ ಅದು ಒಂದೇ ನಾಡಿನ ಪ್ರಜೆಗಳ ನಡುವಿನ ಯುದ್ಧ. ಆದರೆ ನಮಗೆ ನಾಗರಿಕ ಅಂದರೆ ಸಭ್ಯ ಅಂತಲೂ ಕೇಳಿಸುತ್ತದಲ್ಲ, ಬಾಲಿಸೀಡಿಯ ಫೋಟೋ ಕೆಳಗೆ ಅದು ಬೇಡ.

ಬ., ಧಾರವಾಡ

ದಾಯ ಅಂದರೆ ಆಸ್ತಿಯ ಪಾಲು. ಅದನ್ನು ಪಡೆಯುವವನು ದಾಯಾದ. ಕೆರ್ರಿಯವರು ಪಾಲಿಗೆ ಹೊಡೆದಾಡಿದರೇ? ಅದೂ ಸಂಸ್ಕೃತವೇ, ಮೇಡಂ.

ಗೀ., ಡಬ್ಲಿನ್

ಪಾಲಿಗಲ್ಲ ಸರ್, ಒಪ್ಪಂದಕ್ಕೆ. ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ 1922ರ ಜನವರಿ 7ರಂದು ಇಲ್ಲಿನ ಸಂಸತ್ತು 64-57ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿದ್ದ, ಬ್ರಿಟನ್ ರಾಜನಿಗೆ ನಿಷ್ಠೆಯ ಪ್ರಮಾಣ ಅನೇಕರಿಗೆ ನುಂಗಲಾಗಲಿಲ್ಲ. ಕೆರ್ರಿಯ ಹೋರಾಟಗಾರರಲ್ಲಿ ಹೆಚ್ಚಿನವರು ಒಪ್ಪಂದದ ವಿರುದ್ಧ ನಿಂತರು. ಆಗಸ್ಟ್ 2ರಂದು ಸರ್ಕಾರ ಹಡಗಿನಲ್ಲಿ ಸೈನ್ಯವನ್ನು ಫೆನಿಟ್ ಬಂದರಿಗೆ ಇಳಿಸಿತು. ಪಟ್ಟಣಗಳು ಬೇಗ ಸೈನ್ಯದ ಕೈಗೆ ಹೋದವು. ಆಮೇಲೆ ಎಲ್ಲಾ ಬೆಟ್ಟ, ಹಳ್ಳಿ, ಮುರಿದ ರೈಲು ಸೇತುವೆಗಳ ಕಥೆ.

ಐರಿಷಿನಲ್ಲಿ ಇದಕ್ಕೆ 'ಕೊಗ ನ ಗರದ್' ಅಂತಲೂ ಹೇಳುತ್ತಾರೆ. ಗೆಳೆಯರ ಯುದ್ಧ ಅಂತ ಅರ್ಥ. ಗೆಳೆಯನಿಗೆ 'ಕರ'. 'ಗೆಳೆಯರ' ಅಂತ ಆರನೇ ವಿಭಕ್ತಿಗೆ ಬಂದಾಗ ಮೊದಲಿನ ಕಕಾರ ಗಕಾರವಾಗುತ್ತದೆ. ಧಾರವಾಡದ ಸರ್‌ಗೆ ಇದು ಖುಷಿ ಕೊಡಬಹುದು.

ಬ., ಧಾರವಾಡ

ಖುಷಿ ಆಯಿತು, ತಾಯಿ. ನೋಡಿ, ಕ-ಗ ಎಲ್ಲ ಕಡೆಯೂ ನಡೆಯುತ್ತದೆ. ಒಳಗಾಳಗ.

ನಾ., ಮೈಸೂರು

ಅದು ವಿಭಕ್ತಿಯಿಂದ, ನಿಮ್ಮದು ಸಮಾಸದಿಂದ. ಸುಮ್ನೆ ತಳುಕು ಹಾಕಬೇಡಿ. ಮತ್ತೆ, ಸಂಸ್ಕೃತ ಬೇಡ ಅನ್ನುವವರು 'ನೆಲಬಾಂಬ್'ನ ಬಾಂಬಿಗೆ ಸುಮ್ಮನಿದ್ದೀರಿ. ಇಂಗ್ಲಿಷ್ ನಿಮ್ಮ ದಾಯಾದಿಯೇ?

ಬ., ಧಾರವಾಡ

ಬಾಂಬ್ ಜನರ ಬಾಯಲ್ಲಿದೆ. ಅಂತರ್ಯುದ್ಧ ಮೇಷ್ಟರ ಬಾಯಲ್ಲಿದೆ.

ಶ., ಶಿವಮೊಗ್ಗ

'ಗೆಳೆಯರ ಯುದ್ಧ' ಒಪ್ಪುತ್ತೇನೆ. ದಾಯಾದಿ ವಾಪಸ್. ಒಂದು ಅನುಮಾನ ಮಾತ್ರ. ಹಡಗಿನಲ್ಲಿ ಇಳಿದವರು ಡಬ್ಲಿನ್ನಿನವರು. ಅವರು ಕೆರ್ರಿಯವರಿಗೆ ಹೇಗೆ ಗೆಳೆಯರು?

ಗೀ., ಡಬ್ಲಿನ್

ಊರು ಬೇರೆ, ಪಡೆ ಒಂದೇ ಆಗಿತ್ತು ಮೇಡಂ. 1921ರ ಜುಲೈವರೆಗೆ ಎರಡೂ ಕಡೆಯವರು ಬ್ರಿಟಿಷರ ವಿರುದ್ಧ ಹೋರಾಡಿದವರು. ನಾಕ್ನಗೋಶೆಲ್‌ನಲ್ಲಿ ಸತ್ತವರಲ್ಲಿ ಕೆರ್ರಿಯವರೂ ಇದ್ದರು. ಇದರ ಮಾತು ಅಲ್ಲಿನ ಎಷ್ಟೋ ಮನೆಗಳಲ್ಲಿ ತುಂಬಾ ವರ್ಷ ಎದ್ದೇ ಇಲ್ಲ. ಫುಲ್ಲರ್ ಮುಂದೆ ಸಂಸದರಾದರು. ಅವರೂ ಟಿವಿ ಮುಂದೆ ಬಾಯಿಬಿಟ್ಟದ್ದು 1980ರಲ್ಲಿ. ಅದಕ್ಕೇ ನನಗೆ 'ಒಳಗಾಳಗ' ಯಾಕೋ ಜಾಸ್ತಿ ಗದ್ದಲದ ಪದ ಅನ್ನಿಸುತ್ತದೆ.

ವಿ., ಬೆಂಗಳೂರು

ಪ್ರಿಂಟಿಗೆ ಕಳಿಸಿದೆ. ದೊಡ್ಡ ಫಲಕದ ಮೇಲೆ 'ಗೆಳೆಯರ ಯುದ್ಧ', ಕೆಳಗೆ 'ಕೆರ್ರಿ ಜಿಲ್ಲೆಯಲ್ಲಿ ಅಂತರ್ಯುದ್ಧ, 1922-23'. ಧಾರವಾಡದ ಸರ್ ಕ್ಷಮಿಸಬೇಕು. ಎಲ್ಲರಿಗೂ ಧನ್ಯವಾದ. ಎಳೆ ಇಲ್ಲಿಗೆ ಮುಗಿಸೋಣ, ಅಲ್ವಾ?

ಬ., ಧಾರವಾಡ

ಜಿಲ್ಲೆ ಅರಬ್ಬಿಯಿಂದ ಬಂದದ್ದು. 'ನಾಡು' ಅನ್ನಬಹುದಿತ್ತು.